ಹರಿವು ಯಾವ ಕಡೆಗೆ

ಕುಪಾಂಗಿನಿಂದ ಬಂದ ತರಬೇತಿಯವರು
ಗೋಡೆಗೊಂದು ಏಣಿ ಅಂಟಿಸಿದರು, ಕಾಗದದ್ದು.
ಕೆಳಗಿನ ಮೆಟ್ಟಿಲಲ್ಲಿ ‘ನೆನಪಿಡು’,
ನಡುವೆ ‘ಅನ್ವಯಿಸು’, ‘ಬಿಡಿಸಿ ನೋಡು’,
ತುತ್ತತುದಿಯಲ್ಲಿ, ಫ್ಯಾನಿನ ಗಾಳಿಗೆ ಪಟಪಟಿಸುತ್ತ,
‘ಸೃಷ್ಟಿಸು’.
ಮಕ್ಕಳನ್ನು ಮೇಲಕ್ಕೆ ಹತ್ತಿಸಿ, ಎಂದರು.
ಊಟಕ್ಕೆ ಮೀನು, ಜೋಳದನ್ನ.
ಮೂರು ಗಂಟೆಯ ಹೊತ್ತಿಗೆ
ಏಣಿಯ ಒಂದು ಮೂಲೆ ಗೋಂದು ಬಿಟ್ಟಿತ್ತು.

ನಾನು ಓದಿದ್ದೆಲ್ಲ ಕೆಳಗಿನ ಮೆಟ್ಟಿಲಲ್ಲೇ ಕೂತು.
ಸಿಸ್ಟರ್ ಎವರಿಸ್ಟಾ ಬೆತ್ತ ಎತ್ತಿದರೆ ಸಾಕು
ಒಂದೇ ಉಸಿರಿಗೆ ದ್ವೀಪಗಳು:
ಅಡೊನಾರ, ಸೊಲೊರ್, ಲೆಂಬಾಟ.
ಅಡೊನಾರ ಕಿಟಕಿಯಲ್ಲೇ ಇತ್ತು, ಎದುರಿಗೆ.
ಅದರ ಕಡೆ ನೋಡಿದರೆ ಏಟು.
ಕಣ್ಣು ಕರಿಹಲಗೆಯ ಮೇಲಿರಬೇಕು.

ಹೋದ ವರ್ಷ ನಾನು ಕೇಳಿದ್ದು ಇಷ್ಟು:
ಜಲಸಂಧಿಯ ಅಗಲ ಎರಡು ಕಿಲೋಮೀಟರ್,
ದೋಣಿಯ ವೇಗ ಗಂಟೆಗೆ ಎಂಟು,
ದಾಟಲು ಎಷ್ಟು ಹೊತ್ತು?
ನಲವತ್ತೊಂದು ಮಕ್ಕಳು, ನಲವತ್ತೊಂದು ಸಲ
ಹದಿನೈದು ನಿಮಿಷ.
ತಿದ್ದಿ ಮುಗಿಸುವುದಕ್ಕೆ ನನಗೂ
ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು.

ಈ ವರ್ಷ ಏಣಿ ಹತ್ತಿದೆ.
ಆಚೆ ದಡದ ಸಂತೆ ಆರಕ್ಕೆ ಶುರು.
ಒಬ್ಬ ತಾಯಿ ಬಾಳೆಗೊನೆ ಒಯ್ಯಬೇಕು.
ದೋಣಿ ಐದಕ್ಕೆ ಬಿಡಲೋ, ಐದೂವರೆಗೋ?
ತೀರ್ಮಾನಿಸಿ, ಸಮರ್ಥಿಸಿ.
ಅಂಕ ನಾಲ್ಕು.
ಉತ್ತರಸೂಚಿಯನ್ನು ಎರಡು ರಾತ್ರಿ ಕೂತು ಬರೆದೆ:
ತೀರ್ಮಾನಕ್ಕೆ ಒಂದು,
ಕಾರಣಕ್ಕೆ ಒಂದೊಂದರಂತೆ ಎರಡು,
ಎದುರು ವಾದವನ್ನೂ ತೂಗಿದವರಿಗೆ ಉಳಿದ ಒಂದು.

ಕಟ್ಟು ಬಿಚ್ಚಿದರೆ
ಹದಿನೆಂಟು ಕಾಗದದಲ್ಲಿ ಒಂದೇ ದನಿ:
‘ಒಂದು ದೃಷ್ಟಿಯಿಂದ ನೋಡಿದರೆ…
ಆದರೆ ಇನ್ನೊಂದು ದೃಷ್ಟಿಯಿಂದ ನೋಡಿದರೆ…’
ಟ್ಯೂಷನ್ನಿನ ಗೊರಿಸ್ ಮೇಷ್ಟ್ರು
ಆಲೋಚನೆಯನ್ನು ಝೆರಾಕ್ಸ್ ಮಾಡಿ ಹಂಚಿದ್ದರು,
ಪುಟಕ್ಕೆ ಐನೂರು ರೂಪಾಯ.
ತುದಿಯ ಮೆಟ್ಟಿಲನ್ನೂ ಉರು ಹೊಡೆಯಬಹುದೆಂದು
ಏಣಿ ತಂದವರು ಹೇಳಿರಲಿಲ್ಲ.
ಕೊಟ್ಟೆ. ನಾಲ್ಕಕ್ಕೆ ನಾಲ್ಕು, ಹದಿನೆಂಟು ಸಲ.
ಸೂಚಿ ನನ್ನದೇ ತಾನೆ.

ಆಮೇಲೆ ಎಲ್ಫ್ರಿದಾ ಬಾರೆಕ್.
ಹಿಂದಿನ ಬೆಂಚು, ಶೀತದ ಮೂಗು,
ದ್ವೀಪದ ಹೆಸರು ಕೇಳಿದರೆ ತಡವರಿಸುವವಳು.
ಬರೆದಿದ್ದಳು:
‘ಹರಿವು ಯಾವ ಕಡೆಗೆ ಅಂತ ಪ್ರಶ್ನೆಯಲ್ಲಿ ಇಲ್ಲ.
ಹುಣ್ಣಿಮೆಯ ಮಾರನೆ ದಿನವಾದರೆ
ಐದಕ್ಕೂ ಬೇಡ, ಐದೂವರೆಗೂ ಬೇಡ.
ನಮ್ಮ ಮಾವನನ್ನು ಕೇಳಬೇಕು.
ದೋಣಿಯಲ್ಲಿ ಎಷ್ಟು ಜನ?’
ಅಷ್ಟೇ. ಕೆಳಗೆ ಅರ್ಧ ಪುಟ ಖಾಲಿ.

ಸೂಚಿಯನ್ನು ಮೇಲಿಂದ ಕೆಳಗೆ ಹುಡುಕಿದೆ.
ತೀರ್ಮಾನ ಇಲ್ಲ. ಸಮರ್ಥನೆ ಇಲ್ಲ.
ಪ್ರಶ್ನೆಗೇ ಪ್ರಶ್ನೆ ಹಾಕಿದವರಿಗೆ
ಎಷ್ಟು ಅಂಕವೆಂದು ನಾನು ಬರೆದಿರಲಿಲ್ಲ.
ಪೆನ್ಸಿಲಿನಲ್ಲಿ ಸೊನ್ನೆ ಬರೆದೆ.
ಸೊನ್ನೆ ನನ್ನನ್ನೇ ದುರುಗುಟ್ಟಿತು.
ಅಳಿಸಿದೆ. ಎರಡು ಬರೆದೆ. ಅಳಿಸಿದೆ.
ಕಾಗದ ಅಲ್ಲಿ ತೆಳ್ಳಗಾಗಿ
ಮೇಜಿನ ಮರ ಕಾಣತೊಡಗಿತು.

ಐವತ್ತೆರಡು ವರ್ಷ ಇದೇ ದಡದಲ್ಲಿ ಉಂಡವಳು,
ಅಗಲ ಕೇಳಿದ್ದೇನೆ, ವೇಗ ಕೇಳಿದ್ದೇನೆ,
ನೀರಿನ ಸುದ್ದಿಯನ್ನೇ ಕೇಳಿಲ್ಲ.

ಸಂಜೆ ಹಾಳೆ ಮಡಚಿ ಚೀಲಕ್ಕೆ ಹಾಕಿ
ಕಟ್ಟೆಗೆ ಇಳಿದು ಹೋದೆ.
ಅವಳ ಮಾವ ಲಾಸರ್ ಬಲೆ ಹೊಲಿಯುತ್ತಿದ್ದ.
ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ, ಅಂಕದ ಸಮೇತ.
ಅವನು ನಗಲಿಲ್ಲ.
ಎಲೆಯಡಿಕೆ ಉಗಿದು, ಎದ್ದು,
ಒಂದು ತೆಂಗಿನ ಸಿಪ್ಪೆಯನ್ನು ನೀರಿಗೆ ಎಸೆದು
ಸುಮ್ಮನೆ ನಿಂತ.
ನಾನೂ ನಿಂತೆ.

ಸಿಪ್ಪೆ ಉತ್ತರಕ್ಕೆ ಹೊರಟಿತು.
ಸ್ವಲ್ಪ ದೂರ. ನಿಂತಿತು.
ಯಾರೋ ಕರೆದಂತೆ ತಿರುಗಿತು.